ಪ್ರೋಟೀನ್ ಪುಡಿ ಯಾಕೆ ಗಂಟಾಗುತ್ತೆ? ನನ್ನ ಅನುಭವ

ಜಿಮ್ಮಿನಲ್ಲಿ ಹುಡುಗರಿಗೆ ತರಬೇತಿ ಕೊಡೋ ನನಗೆ ದಿನಾ ಎದುರಾಗುವ ಪ್ರಶ್ನೆ ಇದು: "ಅಣ್ಣ, ಇಷ್ಟು ದುಡ್ಡು ಕೊಟ್ಟೆ, ಆದ್ರೂ ಗಂಟು ಗಂಟು!" ದುಡ್ಡಿಗೂ ಗಂಟಿಗೂ ಅಂಥಾ ಸಂಬಂಧ ಇಲ್ಲ.

ಹೊಸ ಡಬ್ಬಿ ಬಂದರೆ ಶೇಕರ್ ಮುಟ್ಟುವ ಮುಂಚೆ ನಾನು ಒಂದು ಪರೀಕ್ಷೆ ಮಾಡುತ್ತೇನೆ. ಗಾಜಿನ ಲೋಟದ ತುಂಬ ತಣ್ಣೀರು, ಮೇಲೆ ಒಂದು ಚಮಚ ಪುಡಿ. ಕಲಕದೆ ಸುಮ್ನೆ ನೋಡೋದು. ಕೆಲವು ಪುಡಿ ಬೇಗ ನೆನೆದು ತಾನಾಗಿ ಕೆಳಗಿಳಿಯುತ್ತದೆ. ಕೆಲವು ಮೇಲೆಯೇ ದಿಬ್ಬದ ಹಾಗೆ ಕೂತುಬಿಡುತ್ತದೆ. ಆ ದಿಬ್ಬವನ್ನು ಚಮಚದಿಂದ ಒಡೆದರೆ ಒಳಗೆ ಪುಡಿ ಒಣಗೇ ಇರುತ್ತದೆ! ಹೊರಗಿನ ಪದರ ನೀರು ಹೀರಿ ಅಂಟಾಗಿ, ಒಳಕ್ಕೆ ನೀರು ಬಿಡುವುದಿಲ್ಲ. ರಾಗಿ ಮುದ್ದೆಯಲ್ಲಿ ಹಿಟ್ಟಿನ ಗಂಟು ಉಳಿಯೋದೂ ಹೀಗೇ ಅಲ್ವಾ.

ತೀರಾ ನುಣ್ಣಗಿನ ಪುಡಿಗೆ ಈ ಕಾಟ ಜಾಸ್ತಿ. ಅದಕ್ಕೇ ತಯಾರಕರು ಪುಡಿಗೆ ತುಸು ತೇವ ಕೊಟ್ಟು, ಸಣ್ಣ ಕಾಳುಗಳಾಗಿ ಅಂಟಿಸಿ, ಮತ್ತೆ ಒಣಗಿಸುತ್ತಾರೆ. ಕಾಳಿನ ಸಂದಿಗಳಿಂದ ನೀರು ಒಳಗೆ ನುಗ್ಗುತ್ತದೆ. ಬೆರಳಲ್ಲಿ ಉಜ್ಜಿ ನೋಡಿದರೆ ಗೊತ್ತಾಗುತ್ತದೆ: ಟಾಲ್ಕಂ ಪೌಡರ್ ತರಹ ಅಲ್ಲ, ತರಿತರಿ. ಇದರ ಜೊತೆ ಲೆಸಿಥಿನ್ ಸವರುವುದೂ ಉಂಟು. ಸೋಯಾ ಅಥವಾ ಸೂರ್ಯಕಾಂತಿಯಿಂದ ತೆಗೆದದ್ದು. ಅದರ ಒಂದು ತುದಿ ಜಿಡ್ಡನ್ನು ಹಿಡಿಯುತ್ತದೆ, ಇನ್ನೊಂದು ನೀರನ್ನು. ಲೇಬಲ್ಲಿನಲ್ಲಿ ಐಎನ್ಎಸ್ 322 (ಆಹಾರಕ್ಕೆ ಸೇರಿಸುವ ವಸ್ತುಗಳಿಗೆ ಕೊಡುವ ಅಂತರರಾಷ್ಟ್ರೀಯ ಸಂಖ್ಯೆ) ಅಂತ ಇದ್ದರೆ ಅದೇ. ವೇ ಅಂದರೆ ಹಾಲು ಒಡೆದಾಗ ಉಳಿಯುವ ತಿಳಿನೀರಿನ ಪ್ರೋಟೀನ್. ಅದರ ಕಡಿಮೆ ಶುದ್ಧೀಕರಿಸಿದ ಪುಡಿಯಾದ ಕಾನ್ಸಂಟ್ರೇಟಿನಲ್ಲಿ, ಹೆಚ್ಚು ಶುದ್ಧೀಕರಿಸಿದ ಐಸೊಲೇಟಿಗಿಂತ ಜಿಡ್ಡು ಜಾಸ್ತಿ, ಹಾಗಾಗಿ ಅಲ್ಲಿ ಇದರ ಅಗತ್ಯವೂ ಜಾಸ್ತಿ. ಐಸೊಲೇಟ್ ಸಲೀಸಾಗಿ ಕರಗಿದರೂ ನೊರೆ ಎಬ್ಬಿಸುತ್ತದೆ. ಐದು ನಿಮಿಷ ಬಿಟ್ಟರೆ ನೊರೆ ಬಹಳಷ್ಟು ಇಳಿಯುತ್ತದೆ.

ಲೇಬಲ್ಲಿನಲ್ಲಿ 415 ಅಥವಾ 412 ಅಂತ ಕಂಡರೆ ಅದು ಶೇಕನ್ನು ದಪ್ಪಗಾಗಿಸುವ ಕ್ಸಾಂಥನ್ ಗಮ್, ಗೌರ್ ಗಮ್. ದಪ್ಪ ಶೇಕ್ ಇಷ್ಟಪಡುವವರಿಗೆ ಸರಿ. ಆದರೆ ನೀರು ಕಡಿಮೆಯಾದರೆ ಇವೇ ಗಂಟು ಕಟ್ಟಿಸುತ್ತವೆ. ಹಾಲಿನ ಇನ್ನೊಂದು ಪ್ರೋಟೀನ್ ಕೇಸಿನ್ ಅಂತೂ ಹುಟ್ಟುಗುಣದಿಂದಲೇ ಗಟ್ಟಿ, ನೀರು ಜಾಸ್ತಿಯೇ ಬೇಕು.

ಬಟಾಣಿ ಪ್ರೋಟೀನಿನ ಕಥೆ ಬೇರೆ. ಅದರಲ್ಲಿ ಒಂದಷ್ಟು ಭಾಗ ಕರಗುವುದೇ ಇಲ್ಲ. ಎಷ್ಟು ಅಲ್ಲಾಡಿಸಿದರೂ ತಳದಲ್ಲಿ ಮರಳಿನ ಹಾಗೆ ನಿಲ್ಲುತ್ತದೆ. ಹತ್ತು ನಿಮಿಷ ನೆನೆಯಲು ಬಿಟ್ಟರೆ ತರಿ ಸ್ವಲ್ಪ ಮೆತ್ತಗಾಗುತ್ತದೆ. ನಿಂಬೆರಸ ಹಿಂಡಬೇಡಿ, ಹುಳಿ ಸೇರಿದರೆ ಇನ್ನಷ್ಟು ಒಡೆಯುತ್ತದೆ.

ಕಲಸೋ ಕ್ರಮದಲ್ಲಿ ನಾನು ಬಿಡದ ಮಾತು ಒಂದೇ: ಮೊದಲು ನೀರು, ಆಮೇಲೆ ಪುಡಿ. ಪುಡಿ ಮೊದಲು ಬಿದ್ದರೆ ಶೇಕರಿನ ಮೂಲೆಯಲ್ಲಿ ಅಂಟಿ ಕೂರುತ್ತದೆ. ಬಿಸಿ ಕಾಫಿಗೆ ವೇ ಪುಡಿಯನ್ನು ನೇರ ಸುರಿಯುವವರೂ ಇದ್ದಾರೆ. 70 ಡಿಗ್ರಿ ದಾಟಿದ ಮೇಲೆ ವೇ ಪ್ರೋಟೀನಿನ ಮಡಿಕೆ ಬಿಚ್ಚಿ ಒಂದಕ್ಕೊಂದು ಅಂಟುತ್ತದೆ, ಚೂರು ಚೂರಾಗುತ್ತದೆ. ತಣ್ಣನೆಯ ಹಾಲಿನಲ್ಲಿ ಕಲಸಿಟ್ಟು, ಕಾಫಿ ಕುಡಿಯುವಷ್ಟು ಆರಿದ ಮೇಲೆ ಸ್ವಲ್ಪ ಸ್ವಲ್ಪವಾಗಿ ಬೆರೆಸಿ.