ಶಿಪ್ಪೋ, ಶೀಪೋ? ನಮ್ಮ ಕಾಗುಣಿತವೇ ದಾರಿ

ಮಂಗಳೂರಿನಲ್ಲಿ ಸಂಜೆ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಪೋಷಕರಿಗೆ ಒಂದು ಸಲಹೆ. ಹೊಸ ಪದ ಬಂದಾಗ ಪಕ್ಕದಲ್ಲೇ ಅದರ ಉಚ್ಚಾರವನ್ನು ಕನ್ನಡದಲ್ಲಿ ಬರೆಸಿ. ಬಿಡು ಬೇರೆ, ಬೀಡು ಬೇರೆ ಅಂತ ನಮ್ಮ ಮಕ್ಕಳಿಗೆ ಗೊತ್ತು ಅಲ್ವಾ? ಅದೇ ಕಿವಿಯನ್ನು ಇಲ್ಲೂ ಬಳಸಬಹುದು. ಪಣಂಬೂರು ಬಂದರಿಗೆ ಬರುವುದು ಶಿಪ್. ಶೀಪ್ ಅಂದರೆ ಕುರಿ. ಲಿವ್ ಅಂದರೆ ಬದುಕು, ಲೀವ್ ಅಂದರೆ ಬಿಟ್ಟು ಹೋಗು.

ಸ್ಪೆಲಿಂಗನ್ನು ಮಾತ್ರ ಸುಮ್ನೆ ನಂಬಬೇಡಿ. ಬುಕ್, ಫೂಡ್ ಎರಡರಲ್ಲೂ 2 'ಓ' ಇವೆ. ಬುಕ್ ಹ್ರಸ್ವ, ಫೂಡ್ ದೀರ್ಘ. ನಾವು ಜಾಸ್ತಿ 'ಫುಡ್' ಅಂತಲೇ ಹೇಳಿಬಿಡುತ್ತೇವೆ.

ಇನ್ನೊಂದನ್ನು ತುಂಬಾ ಜನ ಗಮನಿಸುವುದಿಲ್ಲ, ನನಗೆ ಇದೇ ಮುಖ್ಯ ಅನಿಸುತ್ತದೆ. ವ್ಯತ್ಯಾಸ ಬರೀ ಉದ್ದದ್ದಲ್ಲ. ಶೀಪ್ ಅನ್ನುವಾಗ ನಾಲಿಗೆ ಮೇಲೇಳುತ್ತದೆ, ತುಟಿ ನಗುವ ಹಾಗೆ ಅಗಲವಾಗುತ್ತದೆ. ಶಿಪ್ ಅನ್ನುವಾಗ ಎರಡೂ ಸಡಿಲ, ಸ್ವರ ಚೂರು 'ಎ' ಕಡೆಗೆ ವಾಲುತ್ತದೆ. ಕೊನೆಯ ಅಕ್ಷರವೂ ಲೆಕ್ಕಕ್ಕೆ ಬರುತ್ತದೆ. ಸೀಡ್‌ನಲ್ಲಿ ಎಳೆಯುವಷ್ಟು 'ಈ'ಯನ್ನು ಸೀಟ್‌ನಲ್ಲಿ ಎಳೆಯುವುದಿಲ್ಲ.

ಮಕ್ಕಳನ್ನು ಕನ್ನಡಿ ಮುಂದೆ ನಿಲ್ಲಿಸಿ, ತುಟಿ ನೋಡುತ್ತಾ ಹೇಳಲಿ. ದಿನಕ್ಕೆ 5 ಜೋಡಿ ಪದ ಸಾಕು.