ಹೊಸಬರಿಗೆ ಮಾರ್ಗದರ್ಶಿ: ಮೊಮ್ಮಕ್ಕಳಿಗಾಗಿ ಮಂಗಳೂರಿಗೆ ಬಂದ ಹಿರಿಯರ ಪಿಂಚಣಿ

ಘಟ್ಟದ ಮೇಲಿನಿಂದ ಕೆಲಸಕ್ಕೆ ಬಂದು ಮನೆ ಹಿಡಿದವರು, ಮಗುವನ್ನು ನೋಡಿಕೊಳ್ಳಲು ಊರಿನಿಂದ ತಾಯಿಯನ್ನೋ ಅತ್ತೆಯನ್ನೋ ಕರೆಸಿಕೊಳ್ಳುತ್ತೀರಿ. ಗ್ಯಾಸ್, ಶಾಲೆಯ ವಿಚಾರವನ್ನು ನೀವೇ ವಿಚಾರಿಸಿಕೊಳ್ಳುತ್ತೀರಿ. ಮರೆಯುವುದು ಆ ಹಿರಿಯರ ಪಿಂಚಣಿಯನ್ನು.

ನಾನೂ ಮರೆತಿದ್ದೆ. ಧಾರವಾಡದಿಂದ ಬಂದ ಅವ್ವನಿಗೆ ಕುಟುಂಬ ಪಿಂಚಣಿ ಬರುತ್ತಿತ್ತು. ನವೆಂಬರಿನಲ್ಲಿ ಜೀವಂತ ಪ್ರಮಾಣಪತ್ರ (ಪಿಂಚಣಿದಾರರು ಬದುಕಿದ್ದಾರೆ ಎಂಬುದಕ್ಕೆ ವರ್ಷಕ್ಕೊಮ್ಮೆ ಕೊಡುವ ಪುರಾವೆ) ಕೊಡಬೇಕೆಂಬುದು ಮಗನ ಜ್ವರದ ಗಡಿಬಿಡಿಯಲ್ಲಿ ಯಾರಿಗೂ ನೆನಪಾಗಲಿಲ್ಲ. ಹಣ ನಿಂತು ಮೂರು ತಿಂಗಳಾದರೂ ಅವ್ವ ಬಾಯಿ ಬಿಡಲಿಲ್ಲ. ಬಿಪಿ ಮಾತ್ರೆಯನ್ನು ಅರ್ಧ ಮಾಡಿ ನುಂಗುತ್ತಿದ್ದುದನ್ನು ಕಂಡ ಮೇಲೆಯೇ ನನಗೆ ಗೊತ್ತಾದದ್ದು. ಕೇಳಿದರೆ, ‘ನಿನಗೇ ಬಾಡಿಗೆಯ ಚಿಂತೆ, ನನ್ನದೇನು ಹೇಳಲಿ’ ಎಂದಳು. ಪ್ರಮಾಣಪತ್ರ ಮಾಡಿಸಲು ಹೋದರೆ, ರೊಟ್ಟಿ ತಟ್ಟಿ ಸವೆದ ಅವಳ ಬೆರಳನ್ನು ಯಂತ್ರ ಒಪ್ಪಲೇ ಇಲ್ಲ.

ಈಗ ಅಷ್ಟು ಪಾಡಿಲ್ಲ. ಜೀವನ್ ಪ್ರಮಾಣ್ ಮತ್ತು ಆಧಾರ್ ಫೇಸ್ ಆರ್‌ಡಿ ಆ್ಯಪ್‌ಗಳನ್ನು ಇಳಿಸಿಕೊಂಡರೆ ಮುಖ ತೋರಿಸಿದರೆ ಸಾಕು; ಕಿಟಕಿಯ ಬೆಳಕಿನಲ್ಲಿ ಕೂರಿಸಿ. ಆಧಾರ್, ಪಿಪಿಒ (ಪಿಂಚಣಿ ಪಾವತಿ ಆದೇಶ), ಬ್ಯಾಂಕ್ ಖಾತೆಯ ಸಂಖ್ಯೆಗಳು ಎದುರಿಗಿರಲಿ. ಒಟಿಪಿ ಊರಿನಲ್ಲಿರುವ ತಮ್ಮನ ಮೊಬೈಲಿಗೆ ಹೋಗುವಂತಿದ್ದರೆ ಮೊದಲು ಅದನ್ನು ಸರಿಪಡಿಸಿ. ಇದೆಲ್ಲ ತಲೆನೋವು ಎನ್ನುವವರು ಅಂಚೆಯಣ್ಣನಿಗೆ ಹೇಳಿ. ₹70ಕ್ಕೆ ಮನೆಗೇ ಬಂದು ಮಾಡಿಕೊಡುತ್ತಾರೆ.

ಭವಿಷ್ಯ ನಿಧಿ (ಪಿಎಫ್) ಪಿಂಚಣಿ: ಪ್ರಮಾಣಪತ್ರವನ್ನು ಯಾವ ತಿಂಗಳಲ್ಲಾದರೂ ಕೊಡಬಹುದು, ಒಂದು ವರ್ಷ ನಡೆಯುತ್ತದೆ. 2025ರ ಜನವರಿಯಿಂದ ಹಣವನ್ನು ದೇಶದ ಯಾವ ಬ್ಯಾಂಕ್ ಶಾಖೆಯಲ್ಲಾದರೂ ಪಡೆಯಬಹುದು.

ಸಂಧ್ಯಾ ಸುರಕ್ಷಾ: 65 ತುಂಬಿದ ಬಡ ಹಿರಿಯರಿಗೆ ತಿಂಗಳಿಗೆ ₹1,200. ವಿಚಾರಣೆ ನಾಡಕಚೇರಿಯಲ್ಲಿ. ಊರು ಬಿಡುವಾಗ ಅಲ್ಲಿನ ಗ್ರಾಮ ಆಡಳಿತಾಧಿಕಾರಿಗೆ ತಿಳಿಸಿ ಬನ್ನಿ.

(ಸಿಟಿ ಬಸ್ಸಿನ ಕಂಡಕ್ಟರ್ ‘ಸ್ಟೇಟ್ ಬ್ಯಾಂಕ್, ಸ್ಟೇಟ್ ಬ್ಯಾಂಕ್’ ಎಂದು ಕೂಗಿದೊಡನೆ ಪಾಸ್‌ಬುಕ್ ಹಿಡಿದು ಓಡಬೇಡಿ. ಅದು ಬಸ್ ನಿಲ್ದಾಣದ ಹೆಸರು. ನಾನು ಓಡಿದ್ದೇನೆ.)

ಮೊಮ್ಮಕ್ಕಳನ್ನು ಸಾಕಿದ ವರ್ಷಗಳು ನಮ್ಮಲ್ಲಿ ಯಾವ ಪಿಂಚಣಿಯ ಲೆಕ್ಕಕ್ಕೂ ಸೇರುವುದಿಲ್ಲ. ಬ್ರಿಟನ್ನಿನಲ್ಲಿ ಸೇರುತ್ತವೆ. 2011ರ ಏಪ್ರಿಲ್‌ನಿಂದ, 12 ವರ್ಷದೊಳಗಿನ ಮೊಮ್ಮಗುವನ್ನು ನೋಡಿಕೊಳ್ಳುವ, ಪಿಂಚಣಿಯ ವಯಸ್ಸಾಗದ ಅಜ್ಜ ಅಥವಾ ಅಜ್ಜಿಯ ಖಾತೆಗೆ, ದುಡಿಯುವ ತಾಯಿ ಅಥವಾ ತಂದೆ ತನ್ನ ಮಕ್ಕಳ ಭತ್ಯೆಯೊಂದಿಗೆ ಬರುವ ರಾಷ್ಟ್ರೀಯ ವಿಮೆಯ ವರ್ಷವನ್ನು (ಅಲ್ಲಿ ಸರ್ಕಾರಿ ಪಿಂಚಣಿಯ ಲೆಕ್ಕಕ್ಕೆ ಸೇರುವ ವರ್ಷ) ಬಿಟ್ಟುಕೊಡಬಹುದು. ಅರ್ಜಿಗೆ ಇಬ್ಬರೂ ಸಹಿ ಹಾಕಬೇಕು. ಅಲ್ಲಿಯೇ ನೆಲೆಸಿರುವ ಬಂಧುಗಳಿದ್ದರೆ ಹೇಳಿ. ‘ಪ್ರೀತಿಗೇಕೆ ಲೆಕ್ಕ’ ಎನ್ನುವ ಗಂಡುಮಕ್ಕಳು ನಮ್ಮ ಸಂಘದಲ್ಲೂ ಇದ್ದಾರೆ. ಡೇಕೇರ್‌ನ ತಿಂಗಳ ಶುಲ್ಕವನ್ನು ಒಮ್ಮೆ ವಿಚಾರಿಸಿ ಬರಲಿ.

ನವೆಂಬರಿನ ಭಾನುವಾರಗಳಲ್ಲಿ ನಮ್ಮ ಸ್ವಯಂಸೇವಕರು ಮೊಬೈಲ್ ಹಿಡಿದು ಕುಳಿತಿರುತ್ತಾರೆ, ಕಾಸು ಕೊಡಬೇಕಾಗಿಲ್ಲ. ಹಿರಿಯರನ್ನೇ ಕರೆತನ್ನಿ. ಕಳೆದ ಸಲ ಒಬ್ಬರು ಅತ್ತೆಯ ಪಾಸ್‌ಪೋರ್ಟ್ ಅಳತೆಯ ಫೋಟೊ ಮಾತ್ರ ತಂದಿದ್ದರು.