ಹಾಟ್ ರಾಡ್ ಆದ ಮಿಲಿಟರಿ ಪಿಕಪ್ ಮಾರುವುದು ಹೇಗೆ? ಮೊದಲು ಚಾಸಿ ನಂಬರ್ ನೋಡಿ

ಅಮೆರಿಕದಲ್ಲಿರುವ ಗೆಳೆಯರೊಬ್ಬರು ಆರು ವರ್ಷ ಬಿಡುವು ಸಿಕ್ಕಾಗಲೆಲ್ಲ ಕೂತು ಒಂದು ಡಾಡ್ಜ್ ಎಂ37 ಕಟ್ಟಿದ್ದರು. 1951ರಿಂದ ಅಮೆರಿಕದ ಸೇನೆಗೆ ತಯಾರಾದ ಮುಕ್ಕಾಲು ಟನ್ನಿನ ಪಿಕಪ್ ಅದು. ಗಾಡಿಯನ್ನು ನೆಲಕ್ಕೆ ತಗ್ಗಿಸಿ, ಎಂಟು ಸಿಲಿಂಡರಿನ ವಿ8 ಇಂಜಿನ್ ಕೂರಿಸಿ, ಮಾಸಿದ ಹಸಿರು ಬಣ್ಣವನ್ನು ಹಾಗೇ ಉಳಿಸಿಕೊಂಡಿದ್ದರು. ಹಳೇ ಗಾಡಿಯನ್ನು ಹೀಗೆ ಜೋರಾಗಿ ಓಡುವಂತೆ ಮಾರ್ಪಡಿಸಿದರೆ ಅದೇ ಹಾಟ್ ರಾಡ್. ಕೊಳ್ಳುವವರು ಪಕ್ಕದ ರಾಜ್ಯದಿಂದ ಟ್ರೈಲರ್ ಕಟ್ಟಿಕೊಂಡೇ ಬಂದರು. ಒಂದು ಸುತ್ತು ನೋಡಿದರು. ಆಮೇಲೆ ಟಾರ್ಚ್ ಹಿಡಿದು ಗಾಡಿಯಡಿಗೆ ತೂರಿದರು. ಚಾಸಿಯ, ಅಂದರೆ ಅಡಿ ಚೌಕಟ್ಟಿನ ಮೇಲಿನ ಕೊಳೆಯನ್ನು ಹೆಬ್ಬೆರಳಲ್ಲಿ ಉಜ್ಜಿ ನಂಬರ್ ಓದಿದರು, ಕೈಯಲ್ಲಿದ್ದ ಕಾಗದ ನೋಡಿದರು. ಎದ್ದು ಪ್ಯಾಂಟ್ ಕೊಡವಿಕೊಂಡು, ‘ಗಾಡಿ ಚೆನ್ನಾಗಿದೆ, ನನಗೆ ಬೇಡ’ ಅಂದರು. ಟ್ರೈಲರ್ ಖಾಲಿಯಾಗಿಯೇ ವಾಪಸ್ ಹೋಯಿತು.

ಇಂಥದ್ದನ್ನು ನಾನು ಬೇರೆಯವರಲ್ಲೂ ನೋಡಿದ್ದೇನೆ. ಅಮೆರಿಕದಲ್ಲಿ ಇಂಥ ಗಾಡಿ ಮಾರಲು ಹೊರಟವರು ತೊಳೆಯುವುದು, ಉಜ್ಜುವುದರಲ್ಲೇ ತಿಂಗಳು ಕಳೆಯುತ್ತಾರೆ. ಕಾಗದಪತ್ರ ಕೊನೆಗೆ ನೋಡಿದರಾಯಿತು ಅಂದುಕೊಳ್ಳುತ್ತಾರೆ. ಅದನ್ನು ತಿರುಗಿಸಿ ಮಾಡಿ.

ಮೊದಲ ಹಂತ: ನಂಬರ್ ಮತ್ತು ಟೈಟಲ್

ಗಾಡಿ ಯಾರದ್ದು ಎಂದು ಹೇಳುವ ಕಾಗದವೇ ಟೈಟಲ್. ಅದರಲ್ಲಿರುವ ನಂಬರ್, ಡ್ಯಾಶ್‌ಬೋರ್ಡಿನ ಮಿಲಿಟರಿ ಫಲಕದ ನಂಬರ್, ಚಾಸಿಯ ಮೇಲಿನ ನಂಬರ್ ಇವಿಷ್ಟನ್ನೂ ಪಕ್ಕಪಕ್ಕದಲ್ಲಿ ಬರೆದುಕೊಳ್ಳಿ. ಚಾಸಿಯದು ಸರಿಯಾಗಿ ಕಾಣದಿದ್ದರೆ ತಂತಿ ಬ್ರಷ್ ಹಾಕಿ ಕೆರೆಯಬೇಡಿ. ಸೀಮೆಎಣ್ಣೆಯ ಬಟ್ಟೆಯಲ್ಲಿ ಒರೆಸಿ, ತೆಳು ಕಾಗದ ಇಟ್ಟು ಪೆನ್ಸಿಲ್ ತೀಡಿ. ಅಂಕಿಗಳು ಎದ್ದು ಕಾಣುತ್ತವೆ. ನಂಬರ್ ಚಿಕ್ಕದಿದೆ ಅಂತ ಗಾಬರಿ ಬೇಡ. 17 ಅಕ್ಷರದ ನಂಬರ್ ಬಂದದ್ದು 1981ರ ಮಾದರಿಗಳಿಂದ.

ಹಳೇ ಚಾಸಿಯೇ ಇದ್ದು ಎಲ್ಲ ತಾಳೆಯಾದರೆ ಮುಂದಕ್ಕೆ ಹೋಗಿ. ಆದರೆ ಹಾಟ್ ರಾಡ್ ಮಾಡುವವರಲ್ಲಿ ಹಲವರು ಕ್ಯಾಬನ್ನು ಎತ್ತಿ ಷೆವರ್ಲೆ ಎಸ್-10 ಅಥವಾ ಡಾಡ್ಜ್ ಡಕೋಟಾದಂಥ ಹೊಸ ಪಿಕಪ್‌ನ ಚಾಸಿಯ ಮೇಲೆ ಕೂರಿಸುತ್ತಾರೆ. ಕಾರಣವೂ ಇದೆ. ಎಂ37ರ ಮೂಲ ಇಂಜಿನ್ 78 ಅಶ್ವಶಕ್ತಿಯದ್ದು, ಆಕ್ಸಲ್ ಗೇರ್ ಅನುಪಾತ 5.83, ಅಂದರೆ ಚಕ್ರದ ಒಂದು ಸುತ್ತಿಗೆ ಇಂಜಿನ್ ಕಡೆಯಿಂದ ಬರುವ ಶಾಫ್ಟ್ 5.83 ಸುತ್ತು ತಿರುಗಬೇಕು. ಕೆಸರಲ್ಲಿ ಎಳೆಯಲು ಹೇಳಿ ಮಾಡಿಸಿದ್ದು. ಹೆದ್ದಾರಿಯಲ್ಲಿ ಗಂಟೆಗೆ 55 ಮೈಲಿ ಮುಟ್ಟುವಷ್ಟರಲ್ಲಿ ಇಂಜಿನ್ ಕಿರುಚುತ್ತದೆ. ಚಾಸಿ ಬದಲಾದರೆ ಒಳ್ಳೆಯ ಸಸ್ಪೆನ್ಷನ್, ಒಳ್ಳೆಯ ಬ್ರೇಕ್ ಒಟ್ಟಿಗೇ ಸಿಗುತ್ತವೆ. ತೊಂದರೆ ಶುರುವಾಗುವುದೂ ಅಲ್ಲೇ. ಟೈಟಲ್ 1952 ಅನ್ನುತ್ತದೆ, ಚಾಸಿ 1990ರ ದಶಕದ್ದು. ಈ ಗಾಡಿ ಯಾವುದು?

ಇದಕ್ಕೆ ಒಂದೊಂದು ರಾಜ್ಯ ಒಂದೊಂದು ಉತ್ತರ ಕೊಡುತ್ತದೆ. ಎಷ್ಟೋ ರಾಜ್ಯಗಳು ಇಂಥದ್ದನ್ನು ವಿಶೇಷವಾಗಿ ಕಟ್ಟಿದ ಗಾಡಿ ಎಂದು ಬೇರೆಯಾಗಿ ನೋಂದಾಯಿಸುತ್ತವೆ. ತಪಾಸಣೆ ಇರಬಹುದು, ಹೊಸ ನಂಬರ್ ಕೊಡಬಹುದು. ಜಾಹೀರಾತು ಹಾಕುವ ಮುಂಚೆಯೇ ನಿಮ್ಮ ರಾಜ್ಯದ ಮೋಟಾರು ವಾಹನ ಕಚೇರಿಗೆ ಹೋಗಿ ಕೇಳಿ. ಚಾಸಿ ಕೊಟ್ಟ ಗಾಡಿಯ ಟೈಟಲ್, ಅದನ್ನು ಕೊಂಡ ರಸೀದಿ ಜತೆಯಲ್ಲಿರಲಿ. ಉತ್ತರವನ್ನು ಬರವಣಿಗೆಯಲ್ಲಿ ತನ್ನಿ.

ಒಂದು ಅಡ್ಡದಾರಿ ಇದೆ, ಗ್ಯಾರೇಜಿನಲ್ಲಿ ಯಾರಾದರೂ ಹೇಳಿಕೊಟ್ಟೇ ಕೊಡುತ್ತಾರೆ: ಹಳೇ ಗುರುತಿನ ನಂಬರಿನ ಫಲಕ ಕಿತ್ತು ಹೊಸ ಚಾಸಿಗೆ ಹೊಡೆಯುವುದು. ಖಂಡಿತ ಬೇಡ. ಗುರುತಿನ ನಂಬರ್ ಕೀಳುವುದು, ತಿದ್ದುವುದು ಅಲ್ಲಿ ಫೆಡರಲ್ ಅಪರಾಧ. ಗಾಡಿಯೂ ಹೋಗುತ್ತದೆ, ನೀವೂ ಸಿಕ್ಕಿಬೀಳುತ್ತೀರಿ.

ಟೈಟಲ್ ಇನ್ನೂ ಹಿಂದಿನ ಮಾಲೀಕರ ಹೆಸರಲ್ಲೇ ಇದ್ದರೆ ಮೊದಲು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಸರ್ಕಾರದ ಹರಾಜಿನಿಂದ ಬಂದ ಗಾಡಿಗೆ ಎಸ್‌ಎಫ್-97 ಎಂಬ ಪ್ರಮಾಣಪತ್ರ ಇರುತ್ತದೆ. ಟೈಟಲ್ ಪಡೆಯಲು ಕೊಡುವ ಕಾಗದ ಅದು, ಅದೇ ಟೈಟಲ್ ಅಲ್ಲ. ನಮ್ಮ ಗೆಳೆಯರು ಇದನ್ನೆಲ್ಲ ಸರಿಮಾಡಿಸಲು ನಾಲ್ಕು ತಿಂಗಳು ಓಡಾಡಿದರು. ಆಮೇಲೆ ಬಂದ ಎರಡನೇ ಗಿರಾಕಿಗೇ ಗಾಡಿ ಹೋಯಿತು.

ಎರಡನೇ ಹಂತ: ಏನೇನು ಮಾಡಿದ್ದೀರಿ, ಬರೆಯಿರಿ

‘ಪೂರ್ತಿ ಕಸ್ಟಮ್, ತುಂಬಾ ಖರ್ಚು ಮಾಡಿದ್ದೇನೆ’ ಅಂದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಇಂಜಿನ್ ಯಾವ ಗಾಡಿಯದು, ಯಾವ ವರ್ಷದ್ದು? ಗೇರ್‌ಬಾಕ್ಸ್ ಯಾವುದು? ಆಕ್ಸಲ್ ಅನುಪಾತ ಎಷ್ಟು? ಬ್ರೇಕ್ ಡ್ರಮ್ಮೋ ಡಿಸ್ಕೋ? ಬ್ರೇಕ್ ಪ್ಯಾಡ್ ಸವೆದರೆ ಅಂಗಡಿಯಲ್ಲಿ ಯಾವ ಗಾಡಿಯ ಹೆಸರು ಹೇಳಿ ಕೇಳಬೇಕು ಅನ್ನುವುದನ್ನೂ ಬರೆಯಿರಿ. ಆ ಒಂದು ಸಾಲಿಗೆ ಗಿರಾಕಿ ಎಷ್ಟು ನೆಮ್ಮದಿಯಾಗುತ್ತಾನೆ ಗೊತ್ತಾ?

ವೈರಿಂಗ್ ಬಗ್ಗೆ ಬೇರೆಯಾಗಿ ಹೇಳಲೇಬೇಕು. ಎಂ37 ಮೂಲತಃ 24 ವೋಲ್ಟಿನ ಗಾಡಿ. ಹಾಟ್ ರಾಡ್ ಮಾಡುವಾಗ ಸಾಮಾನ್ಯವಾಗಿ 12ಕ್ಕೆ ಬದಲಿಸುತ್ತಾರೆ. ಅರ್ಧ ಬದಲಿಸಿ ಅರ್ಧ ಬಿಟ್ಟ ಗಾಡಿಗಳೂ ಇವೆ. ಹಳೇ ಮೀಟರುಗಳು ಕೆಲಸ ಮಾಡುತ್ತವೋ ಸುಮ್ನೆ ಚಂದಕ್ಕೆ ಇವೆಯೋ ಹೇಳಿಬಿಡಿ. ಕೈಯಲ್ಲಿ ಬರೆದದ್ದಾದರೂ ಸರಿ, ವೈರಿಂಗ್ ನಕ್ಷೆ ಕೊಡಿ. ರಸೀದಿಗಳನ್ನು ತಾರೀಖಿನ ಪ್ರಕಾರ ಒಂದು ಫೈಲಿಗೆ ಹಾಕಿ.

ಮೂರನೇ ಹಂತ: ತೊಳೆಯಿರಿ, ಫೋಟೊ ತೆಗೆಯಿರಿ

ನೀರು, ಸೋಪು, ಬೆಳಗಿನ ಬಿಸಿಲು ಸಾಕು. ಗಾಡಿಯಡಿಗೆ ಕಪ್ಪು ಸ್ಪ್ರೇ ಮಾತ್ರ ಹೊಡೆಯಬೇಡಿ. ವೆಲ್ಡಿಂಗ್ ಚೆನ್ನಾಗಿದ್ದರೂ ಏನೋ ಮುಚ್ಚಿದ್ದಾರೆ ಅನ್ನಿಸುತ್ತದೆ. ಮಾಸಿದ ಬಣ್ಣದ ಮೇಲೆ ಹೊಳಪಿನ ಲ್ಯಾಕರ್ ಬೇಡ, ಎಪ್ಪತ್ತು ವರ್ಷದ ಬಿಸಿಲು ಮಳೆ ತಂದ ಬಣ್ಣ ಒಂದೇ ದಿನಕ್ಕೆ ಪ್ಲಾಸ್ಟಿಕ್ ಥರ ಕಾಣುತ್ತದೆ. ಇಲ್ಲದ ಸೇನಾ ನಕ್ಷತ್ರವನ್ನು ಹೊಸದಾಗಿ ಬರೆಸಲೂ ಬೇಡ.

ಫೋಟೊಗಿಂತ ಜಾಸ್ತಿ ಕೆಲಸ ಮಾಡುವುದು ವಿಡಿಯೊ. ರಾತ್ರಿಯಿಡೀ ನಿಂತ ಗಾಡಿಯ ಎಕ್ಸಾಸ್ಟ್ ಕೊಳವೆಯನ್ನು ಕೈಯಲ್ಲಿ ಮುಟ್ಟಿ ತಣ್ಣಗಿರುವುದನ್ನು ತೋರಿಸಿ, ಆಮೇಲೆ ಸ್ಟಾರ್ಟ್ ಮಾಡಿ. ಮಧ್ಯೆ ಕತ್ತರಿಸಬೇಡಿ. ಎರಡನೇ ಸಲಕ್ಕೆ ಹೊತ್ತಿಕೊಂಡರೆ ಹಾಗೇ ಇರಲಿ.

ನಾಲ್ಕನೇ ಹಂತ: ಬೆಲೆ

ರಸೀದಿಗಳನ್ನೆಲ್ಲ ಕೂಡಿದರೆ ಬರುವ ಮೊತ್ತ ಗಾಡಿಯ ಬೆಲೆಯಲ್ಲ. ಆರು ವರ್ಷದ ದುಡಿಮೆ ಆ ಲೆಕ್ಕದಲ್ಲಿ ಬರುವುದೇ ಇಲ್ಲ. ನೋವಾಗುತ್ತದೆ, ನನಗೂ ಆಗಿದೆ. ಬ್ರಿಂಗ್ ಎ ಟ್ರೈಲರ್‌ನಂಥ ಹರಾಜು ಜಾಲತಾಣಗಳಲ್ಲಿ ಮಾರಾಟವಾದ ಬೆಲೆ ಸಿಗುತ್ತದೆ, ಅದನ್ನು ನೋಡಿ. ಕೇಳಿದ ಬೆಲೆ ನೋಡಬೇಡಿ. ಮೂಲ ರೂಪದ ಸೇನಾ ಗಾಡಿಗೆ ಹೋಲಿಸಲೂ ಬೇಡ. ಅದನ್ನು ಕೂಡಿಡುವವರು 24 ವೋಲ್ಟು, ಹಳೇ ಇಂಜಿನ್ ಹುಡುಕುತ್ತಾರೆ. ನಿಮ್ಮ ಗಿರಾಕಿ ಹಾಟ್ ರಾಡ್ ಓಡಿಸುವವನು. ಬಿಚ್ಚಿಟ್ಟ ಮೂಲ ಇಂಜಿನ್ ಇನ್ನೂ ಇದ್ದರೆ ಬೇರೆಯಾಗಿ ಮಾರಿ.

ಐದನೇ ಹಂತ: ಹಣ, ಹಸ್ತಾಂತರ

ಬ್ಯಾಂಕೇ ಬರೆದುಕೊಡುವ ಚೆಕ್ ಅಂದರೆ ನಗದು ಅಂದುಕೊಂಡು ಮೋಸ ಹೋದವರಿದ್ದಾರೆ. ಖಾತೆಯಲ್ಲಿ ಹಣ ಕಂಡ ಮೇಲೂ, ವಾರಗಳ ನಂತರ ಚೆಕ್ ನಕಲಿ ಎಂದು ತಿಳಿಯಬಹುದು. ಕೊಳ್ಳುವವರ ಬ್ಯಾಂಕಿಗೆ ಜತೆಯಲ್ಲೇ ಹೋಗಿ, ಕೌಂಟರಿನಲ್ಲಿ ನಿಮ್ಮೆದುರಿಗೇ ಚೆಕ್ ಬರೆಸಿ. ಆಮೇಲಷ್ಟೇ ಟೈಟಲ್‌ಗೆ ಸಹಿ. ಗಾಡಿ ಮಾರಿದ್ದೇನೆ ಎಂದು ಮೋಟಾರು ವಾಹನ ಕಚೇರಿಗೆ ಅದೇ ದಿನ ತಿಳಿಸಿ, ಇಲ್ಲದಿದ್ದರೆ ನಾಳೆ ಕೊಂಡವರ ದಂಡ ನಿಮ್ಮ ಹೆಸರಿಗೆ ಬರುತ್ತದೆ.

ಟ್ರೈಲರ್‌ಗೆ ಹತ್ತಿಸುವಾಗ ಎರಡು ಉದ್ದ ಹಲಗೆ ತಯಾರಿರಲಿ. ತಗ್ಗಿಸಿದ ಗಾಡಿ ಇಳಿಜಾರು ಹತ್ತುವಾಗ ಎಕ್ಸಾಸ್ಟ್ ಕೊಳವೆ ಉಜ್ಜುತ್ತದೆ. ಕ್ಲಚ್ ಎಲ್ಲಿ ಹಿಡಿಯುತ್ತದೆ ಅನ್ನುವುದು ನಿಮಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಮೇಲಕ್ಕೆ ನೀವೇ ಓಡಿಸಿ ನಿಲ್ಲಿಸಿಕೊಡಿ.